ಎಡಗಡೆಯ ಪರದೆ

ನಾನು ಆಗ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಸಪೋರ್ಟ್ ಕೆಲಸದಲ್ಲಿದ್ದೆ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಯಂತ್ರಗಳಿಂದ ಬಂದ ಅಂಕಿಗಳನ್ನು ಪರದೆಯ ಮೇಲೆ ತೋರಿಸುವುದು, ಅದರಿಂದ ವರದಿ ತಯಾರಿಸುವುದು, ಡಾಕ್ಟರ ಸಹಿಯೊಂದಿಗೆ ಪ್ರಿಂಟ್ ಮಾಡಿಕೊಡುವುದು, ಅಷ್ಟೇ ಅದರ ಕೆಲಸ. ಅದನ್ನು ಬರೆದು ಹತ್ತು ಹನ್ನೆರಡು ವರ್ಷವಾಗಿತ್ತು. ಬರೆದವರು ಯಾರೂ ಕಂಪನಿಯಲ್ಲಿ ಉಳಿದಿರಲಿಲ್ಲ. ಗ್ರಾಹಕರು ಫೋನ್ ಮಾಡಿ ಬೈದರೆ ಬೈಸಿಕೊಂಡು, ಆಮೇಲೆ ಹೋಗಿ ಸರಿಮಾಡಿ ಬರುವುದು ನನ್ನ ಪಾಲಿನದು.

ಆ ವರ್ಷ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು. ಅಕ್ಷರ ಮಂಜಾಗಿ ಕಾಣುತ್ತಿದೆ ಎನ್ನುವುದು. ಕಾರಣ ನಮಗೆಲ್ಲ ಗೊತ್ತಿತ್ತು. ಪರದೆ ಎಂದರೆ ಸಣ್ಣ ಸಣ್ಣ ಚುಕ್ಕೆಗಳ ರಾಶಿ. ಹಳೆಯ ಪರದೆಗಳಲ್ಲಿ ಚುಕ್ಕೆ ದೊಡ್ಡದು, ವಿರಳ. ಹೊಸ ಪರದೆಗಳಲ್ಲಿ ಸಣ್ಣದು, ಒತ್ತೊತ್ತು. ನಮ್ಮ ಸಾಫ್ಟ್‌ವೇರ್ ಹಳೆಯ ಪರದೆಗಳ ಕಾಲದ್ದು. ಹೊಸ ಪರದೆಯ ಮೇಲೆ ಅದನ್ನು ತೆರೆದರೆ ತಾನಾಗಿ ಹೊಸದಾಗಿ ಬರೆದುಕೊಳ್ಳುವ ಬುದ್ಧಿ ಅದಕ್ಕಿರಲಿಲ್ಲ. ಕಂಪ್ಯೂಟರೇ ಅದನ್ನು ಫೋಟೋ ಎಳೆದು ದೊಡ್ಡದು ಮಾಡಿದ ಹಾಗೆ ಹಿಗ್ಗಿಸಿ ತೋರಿಸುತ್ತಿತ್ತು. ಹಿಗ್ಗಿದ್ದು ಮಸುಕಾಗುತ್ತಿತ್ತು. ಒಂದೇ ಕಂಪ್ಯೂಟರಿಗೆ ಹಳೆಯದೊಂದು ಹೊಸದೊಂದು ಪರದೆ ಜೋಡಿಸಿದ್ದರಂತೂ ಒಂದರಲ್ಲಿ ಚೆನ್ನಾಗಿ ಕಂಡದ್ದು ಇನ್ನೊಂದಕ್ಕೆ ಎಳೆದ ಕೂಡಲೇ ಕೆಡುತ್ತಿತ್ತು. ಸೆಟ್ಟಿಂಗುಗಳಲ್ಲಿ ಮೂರು ನಾಲ್ಕು ಉಪಾಯಗಳಿದ್ದವು. ಯಾವುದೂ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ. ನಿಜವಾಗಿ ಸರಿಮಾಡಬೇಕೆಂದರೆ ಸಾಫ್ಟ್‌ವೇರಿನ ಒಳಗೇ ಕೈಹಾಕಬೇಕಿತ್ತು.

ಶಿವಾಜಿನಗರ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಲ್ಯಾಬ್ ನಮ್ಮ ಗ್ರಾಹಕರಲ್ಲಿ ಒಂದು. ಮೊದಲ ಮಹಡಿ, ಕಿರಿದಾದ ಮೆಟ್ಟಿಲು, ಗೋಡೆಗೆ ಹೊಂದಿಸಿ ಹಾಕಿದ ಉದ್ದನೆಯ ಬೆಂಚು. ಅರವತ್ತು ದಾಟಿದ ಡಾಕ್ಟರು ಅದರ ಮಾಲೀಕರು. ಅಲ್ಲಿ ವರದಿಗಳನ್ನು ಟೈಪ್ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಡಾಕ್ಟರೂ ಕೂಡ, ಅವರಿಗಿಂತ ದೊಡ್ಡವರಾಗಿದ್ದರೂ. ಆಂಟಿಗೆ ಐವತ್ತೈದರ ಆಸುಪಾಸು. ಹಲಸೂರಿನವರು, ಮನೆಮಾತು ತಮಿಳು. ವಕೀಲರೊಬ್ಬರ ಆಫೀಸಿನಲ್ಲಿ ಟೈಪ್‌ರೈಟರ್ ಬಡಿಯುತ್ತಾ ಕೆಲಸ ಶುರುಮಾಡಿದವರು. ಹತ್ತೂ ಬೆರಳು ಓಡಿಸಿ, ಕೀಲಿಮಣೆ ನೋಡದೇ ಟೈಪ್ ಮಾಡುತ್ತಿದ್ದರು. ವಾಚಿನ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಡಾಕ್ಟರ ಕೈಬರಹದಲ್ಲಿ ಸ್ಪೆಲ್ಲಿಂಗ್ ತಪ್ಪಿದ್ದರೆ ಹೇಳದೇ ಕೇಳದೇ ತಿದ್ದುತ್ತಿದ್ದರು.

ನಾನು ಮೊದಲ ಸಲ ಹೋದಾಗ ಲ್ಯಾಬಿಗೆ ಹೊಸ ದೊಡ್ಡ ಪರದೆ ಬಂದು ಒಂದು ವಾರ ಆಗಿತ್ತು. ಅದನ್ನು ಆಂಟಿಯ ಮೇಜಿನ ಎಡಗಡೆ ಇಟ್ಟಿದ್ದರು. ಹಳೆಯ ಚೌಕ ಪರದೆ ಬಲಗಡೆ. ಯಂತ್ರಗಳ ಅಂಕಿ ಎಡಗಡೆ ಕಾಣಬೇಕು, ತಮ್ಮ ಕೋಣೆಯ ಬಾಗಿಲಿನಿಂದಲೇ ನೋಡುವ ಹಾಗಿರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ವರದಿ ಬಲಗಡೆ.

"ಬಾಮ್ಮ. ನೀನೇನಾ ಕಂಪ್ಯೂಟರ್ ಹುಡುಗಿ? ನೋಡು ಇದನ್ನ," ಆಂಟಿ ಎಡಗಡೆಯದನ್ನು ತೋರಿಸಿದರು. "ನೀರೊಳಗೆ ಮುಳುಗ್ಸಿಟ್ಟಂಗೆ ಕಾಣುತ್ತೆ."

ನಾನು ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಅದು ಬಲಗಡೆ ತೆರೆದುಕೊಂಡಿತು. ಅಕ್ಷರಗಳು ಕಡೆದಿಟ್ಟ ಹಾಗಿದ್ದವು.

"ಈಗ ಸರಿ ಆಯ್ತಲ್ಲಾ ಆಂಟಿ?"

"ಈ ಕಡೆ ಯಾವಾಗ್ಲೂ ಸರಿನೇ ಇರುತ್ತೆ. ಆ ಕಡೆ ತಗೊಂಡೋಗಿ ನೋಡು."

ತೆಗೆದುಕೊಂಡು ಹೋದೆ. ಸ್ವಲ್ಪ ಮಂಜಾಯಿತು. ಸೆಟ್ಟಿಂಗಿನಲ್ಲಿ ಒಂದೆರಡು ಬದಲಾಯಿಸಿ ಮತ್ತೆ ತೆರೆದೆ. ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ಆಂಟಿ ಕುರ್ಚಿಯಲ್ಲಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು, ಹೆಗಲ ಮೇಲಿಂದ ಬಗ್ಗಿ ಮೌಸ್ ಹಿಡಿದಿದ್ದೆ. ನಿಂತಲ್ಲಿಂದಲೇ ನೋಡಿ, ಆಗಿದೆ ಎಂದುಕೊಂಡೆ. ಮಧ್ಯಾಹ್ನ ಫ್ರೇಜರ್ ಟೌನಿನಲ್ಲಿ ಇನ್ನೊಂದು ಲ್ಯಾಬಿಗೆ ಹೋಗುವುದಿತ್ತು.

ಒಂದು ತಿಂಗಳ ಮೇಲೆ ಆಂಟಿಯೇ ಫೋನ್ ಮಾಡಿ ಕರೆಸಿದರು. ಆ ಸಲ ಬೇರೆ ಉಪಾಯ ಮಾಡಿದೆ. ಹಿಗ್ಗಿಸಬೇಡ, ಇದ್ದ ಹಾಗೇ ತೋರಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದು ಸೆಟ್ಟಿಂಗ್ ಇದೆ. ಹಾಕಿದ ಕೂಡಲೇ ಅಕ್ಷರಗಳೆಲ್ಲ ಚೂಪಾದವು. ಆದರೆ ಅರ್ಧಕ್ಕರ್ಧ ಸಣ್ಣಗಾದವು.

"ಅಯ್ಯೋ, ಇರುವೆ ಸಾಲು ಇದು!" ಎಂದು ಆಂಟಿ ನಕ್ಕುಬಿಟ್ಟರು. "ಮೊದ್ಲಿನಂಗೇ ಮಾಡ್ಬಿಡಮ್ಮ."

ಮೊದಲಿನ ಹಾಗೇ ಮಾಡಿದೆ. ಆಗ ಅವರು ನಗು ನಿಲ್ಲಿಸಿ, ಮುಖ ಮುಂದೆ ತಂದು ಎಡಗಡೆಯ ಪರದೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ನೋಡು. ಇದು ಮೂರಾ ಎಂಟಾ ಅಂತ ಹಿಂಗೆ ಹತ್ರ ಹೋಗಿ ನೋಡ್ಬೇಕು. ದಿನಕ್ಕೆ ಇಂಥವು ಎಷ್ಟು ಬರ್ತವೆ ಗೊತ್ತಾ? ಬೇರೆ ಮಿಷಿನ್ನುಗಳ್ದು ತಾನಾಗೇ ರಿಪೋರ್ಟಿಗೆ ಹೋಗ್ಬಿಡುತ್ತೆ. ಈ ರಕ್ತ ಹೆಪ್ಪುಗಟ್ಟೋ ಟೆಸ್ಟಿಂದು ಮಾತ್ರ ಹೋಗಲ್ಲ. ಹಳೇ ಮಿಷಿನ್ನು. ನಾನೇ ನೋಡಿ ಹಾಕ್ಬೇಕು."

ಈ ಮಾತು ನನಗೆ ಅಕ್ಷರಶಃ ನೆನಪಿದೆ. ಅಂದರೆ ನಾನು ಕೇಳಿಸಿಕೊಂಡಿದ್ದೆ.

ಆಫೀಸಿಗೆ ಬಂದು ನಮ್ಮ ಟೀಮ್ ಲೀಡಿಗೆ ಹೇಳಿದೆ. ಅವರು ಗದಗಿನ ಕಡೆಯವರು, ಕೆಟ್ಟ ಮನುಷ್ಯರೇನಲ್ಲ. ತಲೆನೋವು ಎಂದರೆ ತಾವೇ ಎದ್ದುಹೋಗಿ ಟೀ ತಂದುಕೊಡುತ್ತಿದ್ದರು.

"ಅದು ಸಣ್ಣ ಕೆಲಸ ಅಲ್ಲವಾ," ಎಂದರು. "ಎಲ್ಲಾ ಸ್ಕ್ರೀನೂ ಮತ್ತ ಬರೀಬೇಕಾಕ್ಕತಿ. ಡೆವಲಪರ್‌ಗೆ ಕೊಟ್ರ ಮೂರ್ ತಿಂಗಳಾದ್ರೂ ಬರಂಗಿಲ್ಲ. ಬ್ಯಾರೆ ಯಾರೂ ಇಷ್ಟ ಒದರಾಡ್ತಿಲ್ಲಲ್ಲ? ಆಕಿಗೆ ವಯಸ್ಸಾಗೇತಿ. ಕಣ್ಣ ತೋರಿಸ್ಕೊಳ್ಳಾಕ ಹೇಳು."

ಮೂರನೆಯ ಸಲ ನಾನು ಹೋಗಲೂ ಇಲ್ಲ. ಕೂತಲ್ಲಿಂದಲೇ ಅವರ ಕಂಪ್ಯೂಟರಿಗೆ ಸಂಪರ್ಕ ಮಾಡಿ ನೋಡಿದೆ. ಅವರ ಅಷ್ಟು ದೊಡ್ಡ ಪರದೆ ನನ್ನ ಲ್ಯಾಪ್‌ಟಾಪಿನಲ್ಲಿ ಅಂಗೈಯಗಲಕ್ಕೆ ಕುಗ್ಗಿ ಕಾಣುತ್ತದೆ. ಕುಗ್ಗಿದಾಗ ಮಸುಕು ಗೊತ್ತಾಗುವುದಿಲ್ಲ. ಅದೂ ನನಗೆ ಗೊತ್ತಿತ್ತು.

"ನನಗೆ ಚೆನ್ನಾಗೇ ಕಾಣ್ತಿದೆ ಆಂಟಿ," ಎಂದೆ ಫೋನಿನಲ್ಲಿ. "ನೀವು ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಂಡ್ಬಿಡಿ."

"ಆಯ್ತಮ್ಮ," ಎಂದರು.

ದೂರಿನ ಪುಟದಲ್ಲಿ ನಾನು ಬರೆದೆ: ಪರಿಶೀಲಿಸಲಾಗಿದೆ, ಸಮಸ್ಯೆ ಕಂಡುಬಂದಿಲ್ಲ, ಬಳಕೆದಾರರಿಗೆ ಕಣ್ಣಿನ ತಪಾಸಣೆಗೆ ಸೂಚಿಸಲಾಗಿದೆ. ಕೆಳಗೆ ನನ್ನ ಹೆಸರು. ದೂರು ಮುಕ್ತಾಯ.

ಅದಾಗಿ ಮೂರು ವಾರಕ್ಕೆ ಡಾಕ್ಟರು ನಮ್ಮ ಆಫೀಸಿಗೆ ಫೋನ್ ಮಾಡಿದರು. ಕಮರ್ಷಿಯಲ್ ಸ್ಟ್ರೀಟಿನ ಒಳಗಲ್ಲಿಯೊಂದರಲ್ಲಿ ಲೇಸು, ಗುಂಡಿ, ಸೀರೆ ಫಾಲ್ ಮಾರುವ ಅಂಗಡಿ ಇಟ್ಟಿದ್ದ ಒಬ್ಬರು ತೀರಿಕೊಂಡಿದ್ದರು. ಅವರಿಗೆ ಹೃದಯದ ಕವಾಟ ಬದಲಿಸಿ ಕೆಲವು ವರ್ಷಗಳಾಗಿದ್ದವು. ಅಂಥವರು ರಕ್ತ ತೆಳುವಾಗಿರಲು ದಿನವೂ ಮಾತ್ರೆ ನುಂಗಬೇಕು. ತೀರಾ ತೆಳುವಾಗಬಾರದು ಎಂದು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯ ಅಂಕಿ ಮೂರರ ಆಚೀಚೆ ಇದ್ದರೆ ಚಿಂತೆಯಿಲ್ಲ. ಆ ತಿಂಗಳ ವರದಿಯಲ್ಲಿ 3.3 ಎಂದಿತ್ತು. ಅವರು ಎಂದಿನ ಮಾತ್ರೆ ಎಂದಿನಂತೆ ನುಂಗುತ್ತಾ ಹೋದರು. ಐದನೆಯ ದಿನ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ಆರನೆಯ ದಿನ ತಲೆನೋವು ಎಂದು ಅಂಗಡಿಯಲ್ಲೇ ಕೂತರು, ಕೂತವರು ಏಳಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು.

ಆಸ್ಪತ್ರೆಯವರು ಹಿಂದಿನ ವರದಿ ಕೇಳಿದಾಗ ಲ್ಯಾಬಿನವರು ಯಂತ್ರ ತಾನೇ ಮುದ್ರಿಸುವ ಸಣ್ಣ ಚೀಟಿಯನ್ನು ಹುಡುಕಿ ತೆಗೆದರು. ಅದರಲ್ಲಿ 8.3 ಎಂದಿತ್ತು. ಅಷ್ಟಿದ್ದರೆ ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಬೇಕಿತ್ತು.

ಆ ಮನುಷ್ಯನನ್ನು ನಾನು ನೋಡಿದ್ದಿರಬಹುದು. ಎರಡು ಸಲ ಆ ಲ್ಯಾಬಿಗೆ ಹೋದಾಗಲೂ ಬೆಂಚು ತುಂಬಾ ಜನ ಇದ್ದರು. ಒಂದು ಮುಖವೂ ನೆನಪಿಗೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಲೀಡ್ ಮತ್ತು ನಾನು ಲ್ಯಾಬಿಗೆ ಹೋದೆವು. ಡಾಕ್ಟರ ಕೋಣೆಯಲ್ಲಿ ನಾಲ್ಕೇ ಜನ. ಆಂಟಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣಿಗೆ ಹೊಸ ಕನ್ನಡಕ ಇತ್ತು.

"ಆಂಟಿ, ಇಷ್ಟು ವರ್ಷ ಒಂದೂ ತಪ್ಪು ಮಾಡಿದವರಲ್ಲ ನೀವು," ಎಂದರು ಡಾಕ್ಟರು. "ಇದು ಹೇಗಾಯ್ತು?"

"ಡಾಕ್ಟ್ರೇ, ಆ ಪರದೆ ಸರಿ ಇಲ್ಲ, ಸರಿ ಇಲ್ಲ ಅಂತ ಹೇಳ್ತಾನೇ ಇದ್ದೆ. ನಿಮ್ಗೂ ಹೇಳ್ದೆ. ಇವ್ರಿಗೆ ಮೂರು ಸಲ ಹೇಳ್ದೆ. ಬೇಕಾದ್ರೆ ಈ ಹುಡುಗೀನೇ ಕೇಳಿ."

ಮೂವರೂ ನನ್ನ ಕಡೆ ನೋಡಿದರು. ಲೀಡ್ ಒಂದು ಕ್ಷಣ ನೋಡಿ, ತಮ್ಮ ಕೈಯಲ್ಲಿದ್ದ ಫೋನಿನ ಕಡೆ ತಿರುಗಿದರು. ಅವರು ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಮುಂದೆ ಆಡಿದ ಮಾತು ನನ್ನದೇ.

"ನಾನು ನೋಡಿದಾಗ ಸರಿಯಾಗೇ ಇತ್ತು ಸರ್," ಎಂದೆ.

ಆಂಟಿ ನನ್ನನ್ನು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ತಮ್ಮ ಮೇಜಿನ ಖಾನೆಯಿಂದ ಕೈವಸ್ತ್ರ, ಟಿಫಿನ್ ಡಬ್ಬಿ, ಒಂದು ಸಣ್ಣ ಬಾಚಣಿಗೆ ತೆಗೆದು ಚೀಲಕ್ಕೆ ಹಾಕಿಕೊಂಡರು. ಡಾಕ್ಟರು ತಡೆಯಲಿಲ್ಲ. ಬೆಂಚಿನ ಮೇಲೆ ಕಾದಿದ್ದವರ ಕಾಲು ತುಳಿಯದ ಹಾಗೆ ಸೀರೆಯ ನೆರಿಗೆ ಹಿಡಿದುಕೊಂಡು ಅವರು ಮೆಟ್ಟಿಲು ಇಳಿದರು.

ಆಟೋದಲ್ಲಿ ವಾಪಸ್ ಬರುವಾಗ ಹಲಸೂರು ಕೆರೆ ದಾಟಿದ ಮೇಲೆ ಲೀಡ್, "ಸೋಮವಾರ ಡೆವಲಪರ್‌ಗೆ ಹೇಳ್ತೀನಿ, ಅದನ್ನ ಸರಿ ಮಾಡಿಬಿಡೋಣು," ಎಂದರು.

ಡೆವಲಪರ್ ಅದನ್ನು ಎರಡು ದಿನದಲ್ಲಿ ಮುಗಿಸಿದ. ಎಲ್ಲ ಸ್ಕ್ರೀನೂ ಅಲ್ಲ, ಅಂಕಿ ತೋರಿಸುವುದೊಂದನ್ನು ಮಾತ್ರ. ಪರದೆ ಬದಲಾದ ಕೂಡಲೇ ಅಕ್ಷರಗಳನ್ನು ಆ ಪರದೆಗೆ ತಕ್ಕಂತೆ ಹೊಸದಾಗಿ ಬರೆಯುವ ಹಾಗೆ ಮಾಡಿದ. ಎರಡು ದಿನ. ಸೋಮವಾರ ಬೆಳಿಗ್ಗೆ ಕೊಟ್ಟಿದ್ದು, ಮಂಗಳವಾರ ಸಂಜೆ ನನ್ನ ಕೈಗೆ ಬಂತು. ಬುಧವಾರ ನಾನೇ ತೆಗೆದುಕೊಂಡು ಶಿವಾಜಿನಗರಕ್ಕೆ ಹೋದೆ. ಹಾಕಿ ಬಾ, ಅಲ್ಲಿ ಫೋಟೋ ಗೀಟೋ ತೆಗೀಬೇಡ ಎಂದು ಲೀಡ್ ಹೇಳಿ ಕಳಿಸಿದ್ದರು.

ಆಂಟಿಯ ಕುರ್ಚಿ ಖಾಲಿ ಇತ್ತು. ಹೊಸಬರು ಇನ್ನೂ ಬಂದಿರಲಿಲ್ಲ. ನಾನು ಆ ಕುರ್ಚಿಯಲ್ಲಿ ಕೂತೆ. ಹಳೆಯ ಸಾಫ್ಟ್‌ವೇರನ್ನು ತೆಗೆಯುವ ಮೊದಲು, ಪ್ರಯೋಗಕ್ಕೆಂದು ಒಂದು ಸುಳ್ಳು ಹೆಸರು ಹಾಕಿ, ಅದರ ಮುಂದೆ 8.3 ಎಂದು ತುಂಬಿದೆ. ಕೆಳಗಿನ ಸಾಲಿನಲ್ಲಿ 3.3. ಅದನ್ನು ಎಡಗಡೆಗೆ ಎಳೆದೆ.

ಕೂತ ಎತ್ತರದಿಂದ ನೋಡಿದರೆ ಎರಡೂ ಸಾಲು ಒಂದೇ ಥರ ಕಾಣುತ್ತಿದ್ದವು. ಎಂಟರ ಎಡಬದಿ ಹಿನ್ನೆಲೆಯ ಬೂದುಬಣ್ಣದಲ್ಲಿ ಕರಗಿಹೋಗಿತ್ತು. ಕಿಟಕಿಯ ಬೆಳಕು ಬೇರೆ ಆ ಕಡೆಯಿಂದಲೇ ಬೀಳುತ್ತಿತ್ತು. ನನಗೆ ಆಗ ಇಪ್ಪತ್ತೇಳು ವರ್ಷ, ಕಣ್ಣಿಗೆ ಯಾವ ದೋಷವೂ ಇಲ್ಲ. ಮುಂದಕ್ಕೆ ಬಾಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋದ ಮೇಲೆ ಯಾವುದು ಎಂಟು ಎಂದು ಗೊತ್ತಾಯಿತು.

ಫೋನ್ ತೆಗೆದು ಫೋಟೋ ಹೊಡೆದುಕೊಂಡೆ. ಆಮೇಲೆ ಹೊಸದನ್ನು ಹಾಕಿ, ಡಾಕ್ಟರಿಗೆ ತೋರಿಸಿ ಬಂದೆ. ಅವರು ಬಾಗಿಲಲ್ಲೇ ನಿಂತು ನೋಡಿ ತಲೆಯಾಡಿಸಿದರು.

ಆ ಫೋಟೋ ಫೋನಿನಲ್ಲಿ ಹತ್ತು ಹನ್ನೆರಡು ದಿನ ಹಾಗೇ ಇತ್ತು. ನಾನು ಊಟ ಮಾಡುತ್ತಿದ್ದೆ, ಮೆಟ್ರೋ ಹತ್ತುತ್ತಿದ್ದೆ, ಬೇರೆ ಲ್ಯಾಬುಗಳಿಗೆ ಹೋಗಿ ಅದೇ ಹೊಸ ಸಾಫ್ಟ್‌ವೇರ್ ಹಾಕಿ ಬರುತ್ತಿದ್ದೆ. ಪ್ರತಿ ಕಡೆಯೂ ಜನ ಖುಷಿಪಟ್ಟರು. ಈಗ ಕನ್ನಡಿ ಥರ ಕಾಣುತ್ತೆ ಮೇಡಂ ಎಂದರು ಒಬ್ಬರು. ಅವರಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಕೊನೆಗೆ ಹೇಳಿದ್ದು ಅಪ್ಪನಿಗೆ. ಕೃಷ್ಣರಾಜಪುರದಲ್ಲಿ ನಮ್ಮ ಮನೆ, ಹಳೇ ಊರಿನ ಕಡೆ. ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದು ನಿವೃತ್ತರಾದವರು. ಅವರ ಪಾಲಿಗೆ ಬಂದಷ್ಟು ದೂರದ ಹಳಿಯನ್ನು ದಿನವೂ ನಡೆದು ನೋಡಿ, ಸಡಿಲಾದ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಅವರ ಕೆಲಸವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರು ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನೋಡ್ದೆ ಅಂತ ಬರ್ದಿದ್ಯಾ?" ಎಂದು ಕೇಳಿದರು.

"ಹೂಂ."

"ನೋಡಿದ್ಯಾ?"

"ನಿಂತ್ಕೊಂಡು ನೋಡ್ದೆ ಅಪ್ಪ."

"ಹಳೀನ ನಾವು ನಿಂತ್ಕೊಂಡು ನೋಡ್ತಿರ್ಲಿಲ್ಲ ಕಣಮ್ಮ," ಎಂದರು. "ಬಗ್ಗಿ ನೋಡ್ತಿದ್ವಿ." ದಂಟುಗಳನ್ನು ಒಂದು ಕಡೆ ಸರಿಸಿ, "ಆ ಹೆಂಗಸು ಈಗೆಲ್ಲಿದಾರೆ?" ಎಂದರು.

ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ತಿಳಿದುಕೊಳ್ಳಲು ಹೋಗಿಯೂ ಇರಲಿಲ್ಲ.

ಆ ದಿನವೇ ಕೂತು ನಡೆದದ್ದನ್ನೆಲ್ಲ ಎರಡು ಪುಟದಲ್ಲಿ ಬರೆದೆ. ಮೂರು ದೂರುಗಳ ದಿನಾಂಕ, ಆಂಟಿ ಏನು ಹೇಳಿದರು, ನಾನು ಏನು ಮಾಡಿದೆ, ಏನು ಮಾಡಲಿಲ್ಲ, ಡಾಕ್ಟರ ಕೋಣೆಯಲ್ಲಿ ಹೇಳಿದ ಸುಳ್ಳು. ಕೊನೆಗೆ ಆ ಫೋಟೋ. ನಾಲ್ಕು ಪ್ರತಿ ತೆಗೆಸಿ, ಒಂದೊಂದಕ್ಕೂ ಸಹಿ ಹಾಕಿದೆ. ಲ್ಯಾಬಿನ ರಿಸೆಪ್ಷನ್ ಹುಡುಗಿಗೆ ಫೋನ್ ಮಾಡಿ ಆಂಟಿಯ ವಿಳಾಸ ತೆಗೆದುಕೊಂಡೆ.

ಹಲಸೂರು ಮಾರ್ಕೆಟ್ಟಿನ ಹಿಂದೆ, ಎದುರುಬದುರು ಮನೆಯವರು ಕಿಟಕಿಯಿಂದಲೇ ಸಾಮಾನು ಕೊಟ್ಟು ತೆಗೆದುಕೊಳ್ಳಬಹುದಾದಷ್ಟು ಕಿರಿದಾದ ಗಲ್ಲಿ. ಆಂಟಿ ಒಬ್ಬರೇ ಇದ್ದರು. ಗಂಡ ಹೋಗಿ ಬಹಳ ವರ್ಷವಾಗಿತ್ತಂತೆ. ನನ್ನನ್ನು ನೋಡಿ ಬಾಗಿಲಲ್ಲೇ ಕ್ಷಣ ನಿಂತರು. ಆಮೇಲೆ ಒಳಗೆ ಕರೆದು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ತೊಡೆಯ ಮೇಲೆ ಇಟ್ಟರು. ಕಣ್ಣಾಸ್ಪತ್ರೆಯ ಚೀಟಿ.

"ನೀನು ಹೇಳ್ದೆ ಅಂತ ಹೋದೆ. ಎಲ್ಲಾ ಟೆಸ್ಟೂ ಮಾಡಿದ್ರು. ಬರೀ ವಯಸ್ಸಿಂದು, ಸ್ವಲ್ಪ ಪವರ್ ಜಾಸ್ತಿ ಆಗಿದೆ ಅಷ್ಟೆ, ಬೇರೇನೂ ಇಲ್ಲ ಅಂದ್ರು. ಹೊಸಾ ಕನ್ನಡಕ ಹಾಕ್ಸಿದೆ. ಅದು ಹಾಕ್ಕೊಂಡು ಎರಡನೇ ದಿನ ಆ ರಿಪೋರ್ಟು ಹೊಡೆದಿದ್ದು. ಕನ್ನಡಕ ಹೊಸದು, ಇನ್ಮೇಲೆ ಸರಿಯಾಗಿ ಕಾಣುತ್ತೆ ಅಂದ್ಕೊಂಡು, ಹತ್ರ ಹೋಗಿ ನೋಡ್ಲಿಲ್ಲ ಕಣಮ್ಮ. ಮುಂಚೆ ಆದ್ರೆ ಬೆರಳಿಟ್ಟು ನೋಡ್ತಿದ್ದೆ."

ನಾನು ಚೀಟಿ ನೋಡಿ ಮತ್ತೆ ಕವರಿಗೆ ಹಾಕಿದೆ.

"ಈಗ ದಿನಾ ಬೆಳಿಗ್ಗೆ ಮೇನ್ ರೋಡಿಗೆ ಹೋಗಿ ನಿಂತ್ಕೊತೀನಿ," ಎಂದರು. "ದೂರದಲ್ಲಿ ಬಸ್ಸು ಬರುವಾಗ್ಲೇ ನಂಬರ್ ಓದ್ತೀನಿ. ಹತ್ರ ಬಂದ್ಮೇಲೆ ಸರಿನಾ ತಪ್ಪಾ ಅಂತ ನೋಡ್ತೀನಿ. ಸರಿ ಇರುತ್ತೆ. ಯಾವಾಗ್ಲೂ ಸರಿನೇ ಇರುತ್ತೆ. ಆದ್ರೂ ನಂಬಿಕೆ ಬರಲ್ಲ."

ಪತ್ರ ಕೊಟ್ಟೆ. ಅವರು ಕಿಟಕಿಯ ಹತ್ತಿರ ನಿಂತು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಎರಡೂ ಪುಟ ಓದಿದರು. ಓದಿ ಮುಗಿಸಿ ಮಡಚಿ ಕಣ್ಣಿನ ಚೀಟಿಯ ಜೊತೆ ಕವರಿನೊಳಗೆ ಇಟ್ಟರು.

"ನನ್ನಿಂದ ದೊಡ್ಡ ತಪ್ಪಾಯ್ತು ಆಂಟಿ," ಎಂದೆ.

"ನನ್ನಿಂದನೂ ಆಯ್ತು," ಎಂದರು. "ಆ ಕೀಲಿ ಒತ್ತಿದ್ದು ನನ್ನ ಬೆರಳು. ಅದನ್ನ ನೀನು ಎಷ್ಟು ಪೇಜ್ ಬರೆದ್ರೂ ಅಳಿಸಕ್ಕಾಗಲ್ಲ." ಸಿಟ್ಟಿನಿಂದ ಹೇಳಲಿಲ್ಲ. ನಾನು ಎದ್ದಾಗ ಬಾಗಿಲವರೆಗೆ ಬಂದರು.

ಎರಡನೆಯ ಪ್ರತಿಯನ್ನು ಡಾಕ್ಟರಿಗೆ ಕೊಟ್ಟೆ. ಅವರು ಮೊದಲ ಪುಟ ಓದಿ, ಎರಡನೆಯದನ್ನು ತಿರುವಿ, ಫೋಟೋ ನೋಡಿದರು. "ಸಹಿ ಮಾಡಿದ್ದು ನಾನಮ್ಮ," ಎಂದರು. "ಚೀಟಿ ತರಿಸಿ ನೋಡೋದು ನನ್ನ ಕೆಲಸ. ಎಷ್ಟೋ ವರ್ಷದಿಂದ ನೋಡೋದು ಬಿಟ್ಟಿದ್ದೆ. ಆಂಟಿ ಇದಾರಲ್ಲ ಅಂತ." ಕಾಗದವನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು. ಆಂಟಿಯನ್ನು ವಾಪಸ್ ಕರೆಯುತ್ತೀರಾ ಎಂದು ಕೇಳಿದೆ. ಬೆಂಚಿನ ಮೇಲಿದ್ದ ಮುಂದಿನವರನ್ನು ಒಳಗೆ ಕಳಿಸಲು ಹೇಳಿದರು. ಆಂಟಿಯನ್ನು ಕರೆಯಲೇ ಇಲ್ಲ.

ಮೂರನೆಯದು ತೀರಿಹೋದವರ ಮಗಳಿಗೆ. ಲೇಸಿನ ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು. ನನ್ನದೇ ವಯಸ್ಸು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮಧ್ಯಾಹ್ನದ ಜನ. ಅಂಗಡಿ ಎಂದರೆ ಒಂದು ಗೂಡು, ಮೂರೂ ಗೋಡೆಗೆ ಲೇಸಿನ ಸುರುಳಿಗಳು. ಯಾರಿಗೋ ಅಳೆದು ಕತ್ತರಿಸಿ ಕೊಟ್ಟು, ನಿಮಗೇನು ಬೇಕು ಎಂದು ಕೇಳಿದಳು. ನಾನು ಯಾರೆಂದು ಹೇಳಿ ಪತ್ರ ಕೊಟ್ಟೆ. ನಿಂತೇ ಓದಿದಳು. ನಡುವೆ ಒಬ್ಬ ಹೆಂಗಸು ಬಂದು ಬಿಳಿ ಗುಂಡಿ ಕೇಳಿದಾಗ ಕೊಟ್ಟು ಕಳಿಸಿ ಮತ್ತೆ ಓದಿದಳು.

"ಇದನ್ನ ಮೊದ್ಲೇ ಸರಿ ಮಾಡ್ಬೋದಿತ್ತಾ?" ಎಂದಳು.

"ಮಾಡ್ಬೋದಿತ್ತು."

"ಎಷ್ಟು ದಿನ ಬೇಕಾಗಿತ್ತು?"

ಸುಳ್ಳು ಹೇಳುವ ಆಸೆ ಆ ಕ್ಷಣದಲ್ಲೂ ಬಂತು. "ಎರಡು ದಿನ," ಎಂದೆ.

ಅವಳು ಪತ್ರವನ್ನು ಗದ್ದದ ಕೆಳಗೆ ಹಿಡಿದುಕೊಂಡು, ಎದುರಿನ ಅಂಗಡಿಯ ಕಡೆ ನೋಡುತ್ತಾ ನಿಂತಳು. "ನಮ್ಮ ಅಬ್ಬಾ ಆ ರಿಪೋರ್ಟ್ ಬಂದಾಗ ಖುಷಿಯಾಗಿದ್ರು," ಎಂದಳು. "ನೋಡು, ಈ ಸಲನೂ ಕರೆಕ್ಟಾಗಿದೆ ಅಂತ ಎಲ್ರಿಗೂ ತೋರ್ಸಿದ್ರು." ನಾನು ಏನೋ ಹೇಳಲು ಹೋದೆ. "ನೀವು ಹೋಗಿ ಈಗ," ಎಂದಳು. "ಅಂಗಡೀಲಿ ಕೂತು ಅಳಕ್ಕಾಗಲ್ಲ ನಂಗೆ."

ನಾಲ್ಕನೆಯ ಪ್ರತಿಯನ್ನು ಮರುದಿನ ಲೀಡಿನ ಮೇಜಿನ ಮೇಲಿಟ್ಟೆ. ಅವರು ಓದಿ, ಎದ್ದುಹೋಗಿ ಬಾಗಿಲು ಹಾಕಿಬಂದರು. "ಹೇಳಿ ಮಾಡಬೇಕಿತ್ತವಾ," ಎಂದರು, ಅಷ್ಟೇ. ಆ ವಾರದ ಕೊನೆಗೆ ನನ್ನ ಕಂಪ್ಯೂಟರ್, ಗುರುತಿನ ಚೀಟಿ ಎಲ್ಲ ವಾಪಸ್ ಕೊಟ್ಟೆ. ರಾಜೀನಾಮೆ ಎಂದು ಬರೆಸಿಕೊಂಡರು.

ಮಗಳು ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಟ್ಟಳು. ಅದು ಇನ್ನೂ ಮುಗಿದಿಲ್ಲ. ಲ್ಯಾಬಿನ ವಕೀಲರು ಸಾಫ್ಟ್‌ವೇರಿನ ಕಡೆ ಬೆರಳು ತೋರಿಸುತ್ತಾರೆ, ಕಂಪನಿಯ ವಕೀಲರು ಟೈಪ್ ಮಾಡಿದವರ ಕಡೆ. ನಾನು ಬರೆದ ಮುಕ್ತಾಯದ ಟಿಪ್ಪಣಿ ಕಂಪನಿಗೆ ದೊಡ್ಡ ಆಧಾರವಾಗಿದೆ. ಸಮಸ್ಯೆ ಕಂಡುಬಂದಿಲ್ಲ ಎಂದು ನಾನೇ ಬರೆದದ್ದು ಒಂದು ಕಡೆ, ಇತ್ತು ಎಂದು ನಾನೇ ಬರೆದದ್ದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು ಎಂದು ಕಂಪನಿಯ ವಕೀಲರು ಕೇಳಿದರು. ಎರಡನೆಯದನ್ನು ಎಂದೆ. ಮೊದಲನೆಯದು ಬರೆದವರೂ ನೀವೇ ತಾನೇ ಎಂದರು.

ಕಳೆದ ಸಲ ಹೇಳಿಕೆಗೆಂದು ಆಂಟಿಯನ್ನೂ ನನ್ನನ್ನೂ ಒಂದೇ ದಿನ ಕರೆದಿದ್ದರು. ಕಾರಿಡಾರಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತು ಒಂದೂವರೆ ಗಂಟೆ ಕಾದೆವು. ಆಂಟಿ ಸೊರಗಿದ್ದರು. ಬೇರೆ ಕಡೆ ಕೆಲಸಕ್ಕೆ ಸೇರಿಲ್ಲ ಎಂದರು. ಇಬ್ಬರು ಕರೆದಿದ್ದರಂತೆ, ಇವರೇ ಬೇಡ ಎಂದರಂತೆ. ತೀರಿಹೋದವರ ಮಗಳೂ ಬಂದಿದ್ದಳು, ದೂರದ ಕಿಟಕಿಯ ಬಳಿ ನಿಂತೇ ಇದ್ದಳು.

ಒಳಗೆ ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿದರು. ಅಧಿಕಾರಿಯ ಮುಂದೆ ಆಂಟಿ ಹೇಳುತ್ತಾ ಹೋದರು, ಗುಮಾಸ್ತ ಟೈಪ್ ಮಾಡುತ್ತಾ ಹೋದ. ಎರಡು ಬೆರಳಿನಲ್ಲಿ, ತಡವರಿಸಿಕೊಂಡು. ಮುಗಿದ ಮೇಲೆ ಪ್ರಿಂಟ್ ತೆಗೆದು ಆಂಟಿಯ ಮುಂದಿಟ್ಟು, ಓದಿ ಸಹಿ ಮಾಡಿ ಎಂದ.

ಆಂಟಿ ಕಾಗದವನ್ನು ಎತ್ತಿಕೊಂಡರು. ದೂರ ಹಿಡಿದರು, ಹತ್ತಿರ ತಂದರು. ಕನ್ನಡಕ ಸರಿಮಾಡಿಕೊಂಡರು. ಅಕ್ಷರಗಳು ಕಪ್ಪಗೆ, ದಪ್ಪಗೆ ಇದ್ದವು, ನಾನು ಕೂತಲ್ಲಿಗೇ ಕಾಣುತ್ತಿದ್ದವು.

"ಸರಿ ಇದೆಯೇನಮ್ಮಾ?" ಎಂದರು ಅಧಿಕಾರಿ.

"ನಂಗೆ ಗೊತ್ತಾಗ್ತಿಲ್ಲ ಸರ್," ಎಂದರು ಆಂಟಿ. ಕಾಗದವನ್ನು ನನ್ನ ಕಡೆ ಚಾಚಿದರು. "ನೀನೇ ಓದಮ್ಮ. ಗಟ್ಟಿಯಾಗಿ ಓದು."

ಅಧಿಕಾರಿ ತಲೆಯಾಡಿಸಿದರು. ನಾನು ಓದಿದೆ. ಅವರ ಹೆಸರು, ವಯಸ್ಸು, ಎಷ್ಟು ವರ್ಷದ ಅನುಭವ, ಹೊಸ ಪರದೆ ಬಂದದ್ದು, ಅಂಕಿಗಳು ಕಾಣದಾದದ್ದು. ಸದರಿ ಕಂಪನಿಯ ಹುಡುಗಿಗೆ ನಾನು ಮೂರು ಬಾರಿ ತಿಳಿಸಿದ್ದು, ಆಕೆಯು ಏನೂ ತೊಂದರೆ ಇಲ್ಲವೆಂದು ಹೇಳಿರುತ್ತಾಳೆ ಎನ್ನುವ ಸಾಲು ಬಂತು. ಅದನ್ನೂ ಓದಿದೆ. ಕೊನೆಯವರೆಗೂ ಓದಿ, ಸಹಿ ಮಾಡಬೇಕಾದ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ. ಆಂಟಿ ಅಲ್ಲಿ ತಮ್ಮ ಹೆಸರು ಬರೆದರು.